ಬೀರುವಿನೊಳಗೆ ಉಲ್ಟಾ ರೇಡಿಯೋ

ಇದನ್ನು ನೀವು ನಂಬುವುದಿಲ್ಲ. ನಂಬಬೇಡಿ, ನನಗೇನೂ ಬೇಜಾರಿಲ್ಲ. ನಮ್ಮ ಅಮ್ಮನೇ ನಂಬಿಲ್ಲ, ಇನ್ನು ನೀವು ಯಾವ ಲೆಕ್ಕ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ. ಅಲ್ಲಲ್ಲಿ ಸ್ವಲ್ಪ ಉದ್ದವಾಗಿದ್ದರೆ ಅದು ನನ್ನ ಪೆನ್ನಿನ ತಪ್ಪು.

ಒಂಬತ್ತನೇ ಕ್ಲಾಸಿನಲ್ಲಿ ನನಗೊಂದು ವಿದ್ಯೆ ಇತ್ತು. ಈಗ ಸೆಕೆಂಡ್ ಪಿಯುಸಿ, ವಿದ್ಯೆ ಈಗಲೂ ಇದೆ, ಆದರೆ ವಯಸ್ಸಿನ ಮರ್ಯಾದೆಗೆ ತೋರಿಸುವುದಿಲ್ಲ. ಯಾವ ಪದ ಬೇಕಾದರೂ ಕೊಡಿ, ನೀವು ಅದನ್ನು ಮುಂದಿನಿಂದ ಹೇಳಿ ಮುಗಿಸುವಷ್ಟರಲ್ಲಿ ನಾನು ಹಿಂದಿನಿಂದ ಹೇಳಿ, ನೀರು ಕುಡಿದು, ಲೋಟ ತೊಳೆದು ಕವುಚಿ ಇಟ್ಟಿರುತ್ತೇನೆ. ಕೊನೆಯ ಅಕ್ಷರ ಮೊದಲು, ಮೊದಲನೆಯದು ಕೊನೆಗೆ, ಅಷ್ಟೇ ನಿಯಮ. ಶಿವಮೊಗ್ಗ ಅಂದರೆ ಗ್ಗಮೊವಶಿ. 'ಗ್ಗ'ದಿಂದ ಮಾತು ಶುರು ಮಾಡುವುದು ಗಂಟಲಲ್ಲಿ ಚಕ್ಕುಲಿ ಸಿಕ್ಕಿಕೊಂಡವರಿಗೆ ಮಾತ್ರ ಸಾಧ್ಯ; ನಾನು ಚಕ್ಕುಲಿ ಇಲ್ಲದೆಯೇ ಸಾಧಿಸಿದ್ದೆ. ನಮ್ಮ ರವೀಂದ್ರನಗರ ರಗನದ್ರವೀಂರ. ಉಪ್ಪಿಟ್ಟು ಟ್ಟುಪ್ಪಿಉ. ಅದು ಬಾಯಿಗಿಟ್ಟು ತಕ್ಷಣ ಉಗುಳಿದ ಹಾಗೆ ಕೇಳಿಸುತ್ತದೆ, ನಮ್ಮ ಮನೆಯ ಉಪ್ಪಿಟ್ಟಿಗೆ ಈ ಹೆಸರೇ ಸರಿ ಎಂದಿದ್ದಕ್ಕೆ ಅಮ್ಮ ಮೂರು ದಿನ ಬೆಳಿಗ್ಗೆ ಅದನ್ನೇ ಮಾಡಿ ಹಾಕಿದಳು. ಬಸ್ ಸ್ಟ್ಯಾಂಡಿನಲ್ಲಿ ಗದಗದ ಬಸ್ ನಿಂತಿದ್ದರೆ ನಾನೂ ನಿಂತುಬಿಡುತ್ತಿದ್ದೆ. ಅದೊಂದೇ ಬಸ್ಸು ರಿವರ್ಸ್ ಬಂದರೂ ಗದಗ.

ಈ ವಿದ್ಯೆಯಿಂದ ಯಾರಿಗಾದರೂ ಉಪಯೋಗ ಇದೆಯಾ ಎಂದು ಅಮ್ಮ ಕೇಳುತ್ತಿದ್ದಳು. ಇತ್ತು. ಭದ್ರಾವತಿಯಲ್ಲಿದ್ದ ನಮ್ಮ ದೊಡ್ಡಪ್ಪನ ಮಗಳಿಗೆ ಇತ್ತು.

ದೊಡ್ಡಪ್ಪನ ಮಗಳು ಅಂದರೆ ನನಗೆ ಅಕ್ಕ. ಬಿ.ಎ. ಮುಗಿಸಿ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ಕೂತಿದ್ದಳು. ದೊಡ್ಡಪ್ಪನಿಗೆ ಕಬ್ಬಿಣದ ಫ್ಯಾಕ್ಟರಿಯಲ್ಲಿ ಕೆಲಸ. ಇಪ್ಪತ್ತೈದು ವರ್ಷ ಕುಲುಮೆಯ ಪಕ್ಕ ನಿಂತು ಕೂಗಿ ಕೂಗಿ ಅವರ ದನಿ ಎಷ್ಟು ಬೆಳೆದಿತ್ತೆಂದರೆ, ಊಟದ ಹೊತ್ತಿನಲ್ಲಿ "ಸ್ವಲ್ಪ ಉಪ್ಪು" ಎಂದು ಮೆಲ್ಲಗೆ ಕೇಳಿದರೂ ಪಕ್ಕದ ಮನೆಯ ತಮಿಳು ಮಾಮಿ ಬಟ್ಟಲಲ್ಲಿ ಉಪ್ಪು ಹಿಡಿದು ಬಾಗಿಲಿಗೆ ಬರುತ್ತಿದ್ದರು. ಕಾಲೊನಿಯಲ್ಲಿ ಯಾವ ಕಾರ್ಯಕ್ರಮವಾದರೂ ಭಾಷಣ ದೊಡ್ಡಪ್ಪನದೇ. ಮೈಕ್ ಖರ್ಚು ಉಳಿಯುತ್ತದೆ ಎನ್ನುವುದು ನನ್ನ ಊಹೆ.

ಅಕ್ಕನ ದನಿ ಮಾತ್ರ ಬೇರೆ. ತಣ್ಣಗಿನ, ಗುಂಡಗಿನ ದನಿ. ಅವಳು ಅವಲಕ್ಕಿ ಪ್ಯಾಕೆಟ್ಟಿನ ಮೇಲಿನ ತೂಕ, ಬೆಲೆ ಓದಿದರೂ ಮುಂದೆ ಒಂದು ಭಾವಗೀತೆ ಬರುತ್ತದೇನೋ ಅನ್ನಿಸುತ್ತಿತ್ತು. ಅವಳಿಗೆ ಬೇಕಾಗಿದ್ದು ಒಂದೇ, ರೇಡಿಯೋದಲ್ಲಿ ಅನೌನ್ಸರ್ ಆಗುವುದು. ಅದೇ ಊರಿನ ರೇಡಿಯೋ ಸ್ಟೇಷನ್ನಿನಿಂದ ಧ್ವನಿ ಪರೀಕ್ಷೆಗೆ ಬರಬೇಕೆಂದು ಪತ್ರ ಬಂದಿತ್ತು. ಪತ್ರ ಪೋಸ್ಟಿನಲ್ಲಿ ಮಡಚಿ ಬಂದದ್ದಕ್ಕೆ ಬೇಸರವಾಗಿ ಅಕ್ಕ ಅದಕ್ಕೆ ಇಸ್ತ್ರಿ ಹಾಕಿದ್ದಳು. ಸುಳ್ಳಲ್ಲ, ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿತ್ತು.

ಸಮಸ್ಯೆ ಏನೆಂದರೆ, ನಮ್ಮ ಕಡೆಯವರೆಲ್ಲ ಮಾತಾಡುವಾಗ ಒಂದೆರಡು ಅಕ್ಷರ ನುಂಗುತ್ತೇವೆ. ಅಕ್ಕ ಊಟವನ್ನೇ ಮಾಡುತ್ತಿದ್ದಳು.

"ರೇಡಿಯೋದೋರು ಅಕ್ಷರ ನುಂಗೋ ಹಾಗಿಲ್ಲ," ಎಂದರು ದೊಡ್ಡಪ್ಪ ಆ ಭಾನುವಾರ. ಶನಿವಾರ ಸ್ಕೂಲು ಬಿಟ್ಟ ಕೂಡಲೇ ಬಸ್ ಹತ್ತಿ ಬಂದಿದ್ದ ನಾನು ಮಧ್ಯದಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದೆ.

"ನಾನೆಲ್ಲಿ ನುಂಗ್ತೀನಪ್ಪ?"

"ಇದನ್ನ ಓದು."

ಅಕ್ಕ ಪೇಪರ್ ಹಿಡಿದು ಓದಿದಳು. "ಜಿಲ್ಲಾಧ್ಕಾರ್ಗಳು ಅಡ್ಕೆ ಮಾರ್ಕಟ್ಟೆಗೆ ಭೇಟ್ಕೊಟ್ಟು..."

"ನಿಲ್ಸು. ಜಿಲ್ಲಾಧಿಕಾರಿ 'ಧಿ' ಎಲ್ಲೋಯ್ತು? 'ರಿ' ಎಲ್ಲೋಯ್ತು? ಅಡಿಕೇಲಿ 'ಡಿ' ಯಾರು ತಿಂದ್ರು?"

"ನಾನಲ್ಲ," ಎಂದೆ ನಾನು, ಬಾಯಿತುಂಬ ಮಂಡಕ್ಕಿ.

ದೊಡ್ಡಪ್ಪ ನಗಲಿಲ್ಲ. "ನೋಡು, ಅಲ್ಲಿ ಹೋಗಿ ಮರ್ಯಾದೆ ಕಳ್ಕೊಂಡು ಬರೋದು ಬೇಡ. ಬರೋ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ನಾಲ್ಕು ಗಂಟೆಗೆ ನಾನು ಇಲ್ಲೇ ಕುರ್ಚಿ ಹಾಕ್ಕೊಂಡು ಕೂರ್ತೀನಿ. ಪೇಪರಲ್ಲಿ ಒಂದು ಕಾಲಂ ಓದು. ಮೂರು ಅಕ್ಷರ ನುಂಗಿದ್ರೆ ರೇಡಿಯೋ ವಿಷಯ ಮುಗೀತು, ಮಾರನೇ ದಿನದಿಂದ ಟೈಪಿಂಗ್ ಕ್ಲಾಸು. ನುಂಗ್ಲಿಲ್ಲ ಅಂದ್ರೆ ಮಂಗಳವಾರ ಪರೀಕ್ಷೆಗೆ ನಾನೇ ರಜೆ ಹಾಕಿ ಸ್ಕೂಟರಲ್ಲಿ ಕರ್ಕೊಂಡು ಹೋಗ್ತೀನಿ."

ಅಕ್ಕ ಆಯ್ತು ಎನ್ನುವುದನ್ನೂ ಅರ್ಧ ನುಂಗಿ ಒಳಗೆ ಹೋದಳು. ಹಿಂದೆಯೇ ಹೋಗಿ ನೋಡಿದರೆ ಮಂಚದ ಮೇಲೆ ಕೂತು ಇಸ್ತ್ರಿ ಹಾಕಿದ ಪತ್ರವನ್ನು ಮತ್ತೆ ಅಂಗೈಯಿಂದ ನೀವುತ್ತಿದ್ದಳು.

"ಟೈಪಿಂಗ್ ಕ್ಲಾಸಿಗೆ ಹೋದ್ರೆ ಸತ್ತೇ ಹೋಗ್ತೀನಿ ಕಣೆ. ಇಡೀ ದಿನ ಟಕಟಕ. ನನ್ನ ದನಿ ಯಾರಿಗೂ ಕೇಳಲ್ಲ."

ನಾನು ಮಂಡಕ್ಕಿ ಬಟ್ಟಲು ಕೆಳಗಿಟ್ಟೆ. ಜೀವನದಲ್ಲಿ ಕೆಲವು ಗಳಿಗೆಗಳಿಗೆ ಎರಡೂ ಕೈ ಖಾಲಿ ಇರಬೇಕು. "ಅಕ್ಕ, ಜಿಲ್ಲಾಧಿಕಾರಿಗಳು ಅನ್ನೋದನ್ನ ಹಿಂದಿನಿಂದ ಹೇಳು."

"ಏನು ಮಾರಾಯ್ತಿ, ನನಗೆ ಇಲ್ಲಿ ಜೀವ ಹೋಗ್ತಿದೆ."

"ಹೇಳೇ."

ಅವಳು ಬೆರಳು ಮಡಚುತ್ತ ಹೇಳಿದಳು. "ಳು... ಗ... ರಿ... ಕಾ... ಧಿ... ಲ್ಲಾ... ಜಿ."

"ಎಷ್ಟು ನುಂಗಿದೆ?"

ಅಕ್ಕ ನನ್ನನ್ನೇ ನೋಡಿದಳು. ಒಂದನ್ನೂ ನುಂಗಿರಲಿಲ್ಲ. ಹಿಂದಿನಿಂದ ಹೇಳುವಾಗ ನಾಲಿಗೆಗೆ ದಾರಿ ಗೊತ್ತಿರುವುದಿಲ್ಲ; ಕತ್ತಲಲ್ಲಿ ಮೆಟ್ಟಿಲು ಇಳಿಯುವವರ ಹಾಗೆ ಒಂದೊಂದನ್ನೂ ಮುಟ್ಟಿಯೇ ಮುಂದೆ ಹೋಗಬೇಕು. "ಈಗ ಮುಂದಿನಿಂದ ಹೇಳು" ಎಂದೆ. ಜಿಲ್ಲಾಧಿಕಾರಿಗಳು ಇಡಿಯಾಗಿ ಹೊರಬಂದರು.

ಅಂದಿನಿಂದ ನಾನು ಟೀಚರ್. ಫೀಸು ಇಷ್ಟೇ: ಅಕ್ಕ ಅನೌನ್ಸರ್ ಆದ ಮೇಲೆ, ಹಾಡಿನ ಕೋರಿಕೆ ಕಳಿಸಿದವರ ಪಟ್ಟಿಯಲ್ಲಿ ನನ್ನ ಹೆಸರನ್ನು ಮೊದಲು ಓದಬೇಕು, ಪೂರ್ತಿ ಇನಿಷಿಯಲ್ ಸಮೇತ, ಕೋರಿಕೆ ಕಳಿಸದಿದ್ದರೂ. ಅಕ್ಕ ದೇವರ ಪಟ ಮುಟ್ಟಿ ಒಪ್ಪಿದಳು.

ಒಂದು ವಾರ ಕಳೆದ ಮೇಲೆ ಸ್ಕೂಲಿಗೆ ಮಧ್ಯಂತರ ರಜೆ ಸಿಕ್ಕಿತು, ನಾನು ಬಟ್ಟೆ ಗಂಟು ಕಟ್ಟಿಕೊಂಡು ನ್ಯೂ ಟೌನಿಗೇ ಬಂದುಬಿಟ್ಟೆ. ಬೆಳಿಗ್ಗೆ ಹವಾಮಾನ, ಅಂದರೆ ನಮಾವಾಹ. ಹಲ್ಲುಜ್ಜುವಾಗ ಅಡಿಕೆ ಧಾರಣೆ: ಕೆಡಿಅ ಣೆರಧಾ. ಪ್ರತಿ ಸಲ ಡಬ್ಬಿ ಖಾಲಿ ಮಾಡಿಕೊಂಡು ಮುಂದಿನಿಂದ ಒಂದು ಕಾಲಂ ಓದುವಾಗ ಒಂದು ಅಕ್ಷರ ನುಂಗಿದರೆ ಒಂದು ಹುಣಸೆ ಬೀಜ ಡಬ್ಬಿಗೆ. ಮೊದಲ ದಿನ ಬೀಜ ಸಾಲದೆ ದೊಡ್ಡಮ್ಮ ಸಾರಿಗೆ ನೆನೆಹಾಕಿದ್ದ ಹುಣಸೆಹಣ್ಣಿನಿಂದಲೂ ಕೀಳಬೇಕಾಯಿತು.

ಎರಡು ದಿನದಲ್ಲಿ ಇಡೀ ಮನೆ ಉಲ್ಟಾ ಆಯಿತು. ಅಕ್ಕ ತರಕಾರಿ ಗಾಡಿಯವನ ಹತ್ತಿರ ಅರ್ಧ ಕೆ.ಜಿ. ಯಿಕಾನೆದಬ ಕೇಳಿದಳು. ಅವನು ಗಾಬರಿಯಾಗದೆ "ಅದು ನಾಳೆ ಬರುತ್ತಕ್ಕ, ಇವತ್ತು ಬದನೆಕಾಯಿ ತಗೊಳ್ಳಿ" ಎಂದ. ಬಡಿಸುವಾಗ ದೊಡ್ಡಮ್ಮ ಇಬ್ಬರ ತಟ್ಟೆಗೂ ಮೊದಲು ಮಜ್ಜಿಗೆ ಸುರಿದಳು.

"ಇದೇನು ದೊಡ್ಡಮ್ಮ?"

"ನೀವೆಲ್ಲ ಹಿಂದಿನಿಂದ ತಾನೆ. ಹುಳಿ ಕೊನೇಲಿ ಬರುತ್ತೆ, ಕಾಯ್ತಾ ಇರಿ."

ದೊಡ್ಡಪ್ಪನಿಗೆ ಮಾತ್ರ ಏನೂ ತಿಳಿಸಿರಲಿಲ್ಲ. ಅವರಿಗೆ ಆ ವಾರ ಫಸ್ಟ್ ಶಿಫ್ಟ್. ಬೆಳಿಗ್ಗೆ ಆರಕ್ಕೆ ಹೋದರೆ, ಎರಡು ಗಂಟೆಗೆ ಸೈರನ್ ಕೂಗಿದ ಮೇಲೆ ಸ್ಕೂಟರಿನಲ್ಲಿ ಮನೆಗೆ. ಸೈರನ್ ಕೇಳಿದ ತಕ್ಷಣ ಡಬ್ಬಿ ಮಂಚದ ಕೆಳಗೆ ಹೋಗುತ್ತಿತ್ತು, ಎಲ್ಲರೂ ಮುಂದಿನಿಂದ ಮಾತಾಡಲು ಶುರು ಮಾಡುತ್ತಿದ್ದೆವು.

ವಾರ ಕಳೆಯುವ ಹೊತ್ತಿಗೆ ಡಬ್ಬಿಯಲ್ಲಿ ಬೀಜ ಕಡಿಮೆಯಾಗಿ ಐದಕ್ಕೆ ಬಂತು. ಐದಕ್ಕೆ ಬಂದು ನಿಂತುಬಿಟ್ಟಿತು. ಶನಿವಾರ ಐದು. ಭಾನುವಾರ ಬೆಳಿಗ್ಗೆ ಐದು. ಹಿಂದಿನಿಂದ ಓದಿದರೆ ಸೊನ್ನೆ, ಮುಂದಿನಿಂದ ಓದಿದರೆ ಐದು. ದೊಡ್ಡಪ್ಪನ ಲೆಕ್ಕ ಮೂರಕ್ಕೇ ಮುಗಿಯುತ್ತಿತ್ತು. ದೊಡ್ಡಪ್ಪ ಆ ಭಾನುವಾರವೂ ಡ್ಯೂಟಿಗೆ ಹೋಗಿದ್ದರು, ದೊಡ್ಡಮ್ಮ ಯಾರದೋ ಮಗುವಿನ ನಾಮಕರಣಕ್ಕೆ. ಅಕ್ಕ ಡಬ್ಬಿ ತಬ್ಬಿಕೊಂಡು ಅಳಲು ಸಿದ್ಧವಾಗಿದ್ದಳು.

ಆಗ ನನ್ನ ತಲೆಯಲ್ಲಿ ಬಲ್ಬು ಹತ್ತಿತು. ಬಲ್ಬು ಅಲ್ಲ, ಇಡೀ ಜೋಗದ ಕರೆಂಟು.

"ಅಕ್ಕ, ಕ್ಯಾಸೆಟ್ ಬಿಚ್ಚಿ ಒಳಗಿನ ಟೇಪ್ ತಿರುಚಿ ಹಾಕಿದ್ರೆ ಹಾಡು ಹಿಂದಿನಿಂದ ಬರುತ್ತೆ, ಗೊತ್ತಾ? ನಮ್ಮ ಕ್ಲಾಸಲ್ಲಿ ಒಬ್ಬಳು ಮಾಡಿದಾಳೆ."

"ಬಂದ್ರೆ?"

"ನೀನು ಇಡೀ ಕಾಲಂ ಹಿಂದಿನಿಂದ ಓದು. ಕೊನೇ ಪದದಿಂದ ಶುರು ಮಾಡಿ ಮೊದಲನೇ ಪದದ ತನಕ. ಒಂದೂ ನುಂಗಲ್ಲ ನೀನು. ರೆಕಾರ್ಡ್ ಮಾಡ್ಕೊಳ್ಳೋಣ. ಟೇಪ್ ತಿರುಚಿ ಹಾಕಿದ್ರೆ ಅದೇ ನೆಟ್ಟಗೆ ಬರುತ್ತೆ. ಉಲ್ಟಾದ್ದು ಉಲ್ಟಾ ಅಂದ್ರೆ ಸುಲ್ಟಾ."

"ಅಪ್ಪನ ಎದುರಿಗೆ ಕ್ಯಾಸೆಟ್ ಹಾಕ್ತೀಯಾ?"

"ನೀನು ನಾಚಿಕೆ ಆಗುತ್ತೆ ಅಂತ ಪರದೆ ಹಿಂದೆ ನಿಂತ್ಕೋ. ದೊಡ್ಡಪ್ಪ ಆ ಕಡೆ ಕುರ್ಚೀಲಿ. ದನಿ ನಿಂದೇ ತಾನೆ."

"ಮೋಸ ಅಲ್ವೇನೇ?"

"ರೇಡಿಯೋದಲ್ಲೂ ಮುಖ ಯಾರಿಗೆ ಕಾಣುತ್ತೆ?"

ಅಕ್ಕ ಡಬ್ಬಿ ಕೆಳಗಿಟ್ಟು ಕ್ಯಾಸೆಟ್ ಹುಡುಕಲು ಎದ್ದಳು.

ಮನೆಯಲ್ಲಿ ಖಾಲಿ ಕ್ಯಾಸೆಟ್ ಇರಲಿಲ್ಲ. ಇದ್ದದ್ದು ಒಂದೇ: ರಾಜ್ಯೋತ್ಸವದಲ್ಲಿ ದೊಡ್ಡಪ್ಪ ಮಾಡಿದ ಭಾಷಣ. ಅದು ಎ ಸೈಡ್ ಪೂರ್ತಿ ಇತ್ತು, ಕೊನೆಯ ಚಪ್ಪಾಳೆಯ ತನಕ. ಬಿ ಸೈಡ್ ಖಾಲಿ. ಬಿ ಸೈಡಿನಲ್ಲಿ ನಾವು ಸ್ವಲ್ಪ ಜಾಗ ಮಾಡಿಕೊಂಡರೆ ಯಾರಿಗೇನು ನಷ್ಟ.

ಸ್ಟುಡಿಯೋ ಆಗಬೇಕಿತ್ತು. ಮಧ್ಯಾಹ್ನ ಹೊರಗೆ ಹುಡುಗರ ಕ್ರಿಕೆಟ್, ಮಾಮಿಯ ಮನೆಯ ಮಿಕ್ಸಿ. ಬಟ್ಟೆಯ ದೊಡ್ಡ ಮರದ ಬೀರುವಿನಿಂದ ಸೀರೆಗಳನ್ನೆಲ್ಲ ಮಂಚಕ್ಕೆ ಹಾಕಿ, ಒಳಗೆ ಸುತ್ತಲೂ ರಜಾಯಿ ಇಳಿಬಿಟ್ಟು, ಟೇಪ್ ರೆಕಾರ್ಡರಿನ ವೈರನ್ನು ಬಾಗಿಲ ಸಂದಿನಿಂದ ಎಳೆದುಕೊಂಡು ಇಬ್ಬರೂ ಒಳಗೆ ಸೇರಿ ಬಾಗಿಲು ಹಾಕಿಕೊಂಡೆವು. ಅಕ್ಕನ ಮೊಣಕಾಲು ನನ್ನ ಗಲ್ಲಕ್ಕೆ, ನನ್ನ ಮೊಣಕೈ ಅವಳ ಪಕ್ಕೆಗೆ, ನನ್ನ ಬಾಯಲ್ಲಿ ಟಾರ್ಚು, ಮೂಗಿನ ತುಂಬ ನುಸಿಗುಳಿಗೆ. ಹೊರಗಿನ ಪ್ರಪಂಚದ ಒಂದು ಸದ್ದೂ ಇಲ್ಲ. ನಮ್ಮ ರಜಾಯಿ ಅಷ್ಟು ಒಳ್ಳೆಯ ರಜಾಯಿ.

ಅಕ್ಕ ಓದಿದಳು. ಕಾಲಂನ ಕೊನೆಯಿಂದ ಮೊದಲಿನವರೆಗೆ, ಟ್ಟೆಕರುಮಾ, ಣೆರಧಾ, ಳುಗರಿಕಾಧಿಲ್ಲಾಜಿ, ಎಲ್ಲವನ್ನೂ ಅದೇ ಗುಂಡಗಿನ ದನಿಯಲ್ಲಿ, ಒಂದು ಅಕ್ಷರವೂ ಬಿಡದೆ. ಕೊನೆಗೆ ನಾನು ಕಾಲಂನ ಶುರುವಿಗೆ ಸೇರಿಸಿದ್ದ ನಮಸ್ಕಾರವನ್ನೂ ಹೇಳಿದಳು: "ರಸ್ಕಾಮನ." ನಾನು ರೆಕಾರ್ಡಿಂಗ್ ನಿಲ್ಲಿಸಿದೆ.

ಹೊಲಿಗೆ ಮಿಷನ್ನಿನ ಪುಟ್ಟ ಸ್ಕ್ರೂ ಡ್ರೈವರಿನಿಂದ ಬೀರುವಿನೊಳಗೇ ಆಪರೇಷನ್ ನಡೆಯಿತು. ಕ್ಯಾಸೆಟ್ಟಿಗೆ ಐದು ಸ್ಕ್ರೂ. ಬಿಚ್ಚಿದ ತಕ್ಷಣ ಒಳಗಿದ್ದ ಸಣ್ಣ ಚಕ್ರವೊಂದು ಹಾರಿ ಅಕ್ಕನ ಜಡೆಯೊಳಗೆ ಹೋಯಿತು. ಟೇಪನ್ನು ಅರ್ಧ ಸುತ್ತು ತಿರುಚಿ, ಜಡೆಯಿಂದ ಚಕ್ರ ಹುಡುಕಿ ತೆಗೆದು, ಮತ್ತೆ ಮುಚ್ಚಿದಾಗ ಸ್ಕ್ರೂ ನಾಲ್ಕೇ ಸಾಕಾದವು. ಐದನೆಯದು ಯಾಕಿತ್ತೋ ಇವತ್ತಿಗೂ ಗೊತ್ತಿಲ್ಲ.

"ಹಾಕಲಾ?"

"ಹಾಕು ಮಾರಾಯ್ತಿ, ನನಗೆ ಎದೆ ಹೊಡ್ಕೊಳ್ತಿದೆ."

ಗುಂಡಿ ಒತ್ತಿದೆ. ಕಂಬಳಿ ಹೊದ್ದುಕೊಂಡ ಯಾರೋ ಒಬ್ಬರು ಗಂಭೀರವಾಗಿ ಹೇಳಿದರು: "ಅನಮಾಕ್ಸರ್."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

"ಏನಂದೆ ನಾನು?" ಎಂದಳು ಅಕ್ಕ.

"ಜ್ವರದ ಮಾತ್ರೆ ಹೆಸರಿನ ಹಾಗಿದೆ."

ಆಮೇಲೆ ಬಂದದ್ದು ಯಾವ ದೇಶದ ಭಾಷೆಯೂ ಅಲ್ಲ. ಎಲ್ಲ ಪದವೂ ಹೀರಿಕೊಂಡ ಹಾಗೆ, ಬಿಕ್ಕಳಿಸಿ ಒಳಗೆ ಎಳೆದುಕೊಂಡ ಹಾಗೆ. ನಾವು ಅಕ್ಷರ ಅಂದರೆ ಒಡೆಯದ ಒಂದೊಂದು ಗಟ್ಟಿ ಕಾಳು ಅಂದುಕೊಂಡು ಸಾಲಾಗಿ ಹಿಂದುಮುಂದು ಜೋಡಿಸಿದ್ದೆವು. ಟೇಪಿಗೆ ನಮ್ಮ ಅಕ್ಷರಮಾಲೆ ಯಾರು ಕಲಿಸಿದ್ದರು? ಅದು ಒಂದೊಂದು ಕಾಳನ್ನೂ ಒಡೆದು, ಒಳಗಿನ ಬೇಳೆಯನ್ನೂ ತಿರುಗಿಸಿ ಇಟ್ಟಿತ್ತು. 'ರ' ಎಂದರೆ 'ಅರ್'. 'ಸ್ಕಾ' ಎಂದರೆ 'ಆಕ್ಸ್'. ಇದು ಈಗ ಬರೆಯುವಾಗ ತಿಳಿದದ್ದು. ಆಗ ತಿಳಿದದ್ದು ಒಂದೇ, ಅಕ್ಕನ ರೇಡಿಯೋ ಆ ಬೀರುವಿನೊಳಗೇ ಸತ್ತಿತು ಎನ್ನುವುದು. ಅವಳ ಮುಖ ಟಾರ್ಚಿನ ಬೆಳಕಿನಲ್ಲಿ ಚಿಕ್ಕದಾಗುತ್ತ ಹೋಯಿತು.

"ನಾಲ್ಕು ಗಂಟೆಗೆ ಏನೇ ಮಾಡ್ಲಿ ಈಗ," ಎಂದಳು.

ನನಗೆ ಅಳು ಬರುವುದಿಲ್ಲ, ಹಾಳಾದ್ದು ನಗು ಬರುತ್ತದೆ. ಅವಳನ್ನು ಸಮಾಧಾನ ಮಾಡಬೇಕು ಎಂದು ಕ್ಯಾಸೆಟ್ ಮಗುಚಿ ಹಾಕಿ ಮತ್ತೆ ಗುಂಡಿ ಒತ್ತಿದೆ. ಮೊದಲು ಭರ್ಜರಿ ಚಪ್ಪಾಳೆ ಬಂತು. ಹೊಸ ಎಣ್ಣೆಗೆ ಹಪ್ಪಳ ಬಿಟ್ಟ ಹಾಗೆ ಚಪ್ಪಾಳೆ. ಚಪ್ಪಾಳೆ ಮುಗಿದ ಮೇಲೆ ಕುಲುಮೆ ದನಿಯ ಒಬ್ಬ ಮನುಷ್ಯ, ಬಾಯಲ್ಲಿ ನೀರು ತುಂಬಿಕೊಂಡು, ಇಡೀ ನಾಡನ್ನು ಒಳಕ್ಕೆ ಹೀರತೊಡಗಿದ. ಟೇಪ್ ತಿರುಚಿದ್ದು ಎ ಸೈಡಿಗೂ ತಗುಲಿ, ದೊಡ್ಡಪ್ಪ ಕೊನೆಯಿಂದ ಭಾಷಣ ಮಾಡುತ್ತಿದ್ದರು. ಜನ ಮೊದಲೇ ಮೆಚ್ಚಿದ್ದರು, ಆಮೇಲೆ ಇವರು ಮಾತಾಡಿದ್ದರು.

ಅಕ್ಕ ತಡೆದಳು, ತಡೆದಳು, ಆಮೇಲೆ ಮೂಗಿನಿಂದ ನಗು ಹೊಡೆಯಿತು. ನಾನು ಕಾಲು ಬಡಿದೆ, ಬೀರು ಅಲ್ಲಾಡಿತು. ರಜಾಯಿ ಕಚ್ಚಿಕೊಂಡು ನಕ್ಕೆವು. ಹೊಟ್ಟೆ ಹಿಡಿದುಕೊಳ್ಳಲು ಜಾಗವಿಲ್ಲದೆ ನಾನು ಅವಳ ಹೊಟ್ಟೆ, ಅವಳು ನನ್ನ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎರಡು ಗಂಟೆಯ ಸೈರನ್ ಯಾವಾಗ ಕೂಗಿತೋ ಆ ರಜಾಯಿಗಳನ್ನೇ ಕೇಳಬೇಕು.

ಬೀರುವಿನ ಬಾಗಿಲು ತೆರೆದುಕೊಂಡಿತು. ಬೆಳಕು ಬಂತು, ಒಂದು ರಜಾಯಿ ಕೆಳಗೆ ಬಿತ್ತು. ಎದುರಿಗೆ ದೊಡ್ಡಪ್ಪ, ಇನ್ನೂ ಫ್ಯಾಕ್ಟರಿಯ ಖಾಕಿಯಲ್ಲಿ. ಭಾಷಣ ಮಾತ್ರ ನಿಂತಿರಲಿಲ್ಲ.

ಅವರು ಸ್ವಲ್ಪ ಹೊತ್ತು ತಲೆ ವಾರೆ ಮಾಡಿ ಕೇಳಿಸಿಕೊಂಡರು.

"ಯಾರಿದು ಮಾತಾಡ್ತಿರೋದು?"

ಅಕ್ಕ ನನ್ನನ್ನು ನೋಡಿದಳು. "ನೀವು, ದೊಡ್ಡಪ್ಪ," ಎಂದೆ.

"ನಾನಾ?"

"ಹಿಂದಿನಿಂದ."

ಅವರು ಬಗ್ಗಿ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ನಿಲ್ಲಿಸಿದರು. ಕ್ಯಾಸೆಟ್ ತೆಗೆದು ಬೆಳಕಿಗೆ ಹಿಡಿದರು. ಮಂಚದ ಮೇಲಿನ ಸೀರೆಗಳ ರಾಶಿ, ಡಬ್ಬಿ, ಹುಣಸೆ ಬೀಜ, ನನ್ನ ಕೈಯಲ್ಲಿದ್ದ ಐದನೇ ಸ್ಕ್ರೂ, ಎಲ್ಲವನ್ನೂ ಒಂದೊಂದಾಗಿ ನೋಡಿದರು. ನಾಲ್ಕು ಗಂಟೆಗೆ ಕಾಯಲಿಲ್ಲ. ಕುರ್ಚಿಯನ್ನೂ ಹಾಕಿಕೊಳ್ಳಲಿಲ್ಲ.

"ಹೊರಗೆ ಬಾ. ಪೇಪರ್ ತಗೋ. ಓದು."

"ಈಗ್ಲಾ ಅಪ್ಪ?"

"ಈಗ್ಲೇ."

ಅಕ್ಕ ಕೂದಲ ತುಂಬ ರಜಾಯಿಯ ಹತ್ತಿ ಅಂಟಿಸಿಕೊಂಡು ನಿಂತು ಓದಲು ಶುರು ಮಾಡಿದಳು. ದೊಡ್ಡಪ್ಪ ಬಲಗೈ ಮುಂದೆ ಚಾಚಿ ಬೆರಳು ಬಿಡಿಸಿಕೊಂಡಿದ್ದರು. ಎರಡನೇ ಸಾಲಿನಲ್ಲಿ ಕಿರುಬೆರಳು ಮಡಚಿತು. ಆರನೇ ಸಾಲಿನಲ್ಲಿ ಉಂಗುರದ ಬೆರಳು. ಇನ್ನು ಅರ್ಧ ಕಾಲಂ ಇತ್ತು. ಅಕ್ಕ ನಿಂತಳು. ಅವಳ ತುಟಿ ಸದ್ದಿಲ್ಲದೆ ಅಲ್ಲಾಡುವುದು ನನಗೆ ಕಂಡಿತು. ಮುಂದಿನ ಪದವನ್ನು ಅವಳು ಒಳಗೇ ಹಿಂದಿನಿಂದ ಮುಟ್ಟಿ ನೋಡುತ್ತಿದ್ದಳು. ಆಮೇಲೆ ಅದನ್ನು ನೆಟ್ಟಗೆ, ಇಡಿಯಾಗಿ ಹೇಳಿದಳು.

"ಏನದು ಮಣಮಣ?" ಎಂದರು ದೊಡ್ಡಪ್ಪ.

ಕಷ್ಟದ ಪದ ಬಂದಾಗಲೆಲ್ಲ ಅರೆಗಳಿಗೆ ನಿಂತು, ತುಟಿ ಅಲ್ಲಾಡಿಸಿ, ಮತ್ತೆ ಓದಿದಳು. ನಿಧಾನಕ್ಕೆ ಕಾಲಂ ಮುಗಿಯಿತು. ನಡುಬೆರಳು ನೆಟ್ಟಗೇ ನಿಂತಿತ್ತು. ದೊಡ್ಡಪ್ಪ ಅದನ್ನೇ ಸ್ವಲ್ಪ ಹೊತ್ತು ನೋಡಿ, ಕೈ ಕೊಡವಿ ಇಳಿಸಿದರು.

"ಮಂಗಳವಾರ ಒಂಬತ್ತೂವರೆಗೆ ರೆಡಿ ಇರು," ಎಂದರು ಅಕ್ಕನಿಗೆ. ಅಕ್ಕ ಪೇಪರಿನಿಂದ ಮುಖ ಮುಚ್ಚಿಕೊಂಡಳು.

ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದ್ದೆ. ದೊಡ್ಡಪ್ಪ ನನ್ನ ಕಡೆ ತಿರುಗಿದರು.

"ನೀನು ಬಟ್ಟೆ ತುಂಬ್ಕೋ. ಮೂರು ಗಂಟೆ ಬಸ್ಸಿಗೆ ಬಿಟ್ಟು ಬರ್ತೀನಿ. ಮಂಗಳವಾರ ಕಳಿಯೋ ತನಕ ನಿನ್ನ ದನಿ ಇವಳ ಕಿವಿಗೆ ಬೀಳಬಾರದು."

"ದೊಡ್ಡಪ್ಪ, ಕ್ಯಾಸೆಟ್ ಸರಿ ಮಾಡಿಕೊಡ್ತೀನಿ, ಎರಡೇ ನಿಮಿಷ."

"ಮುಟ್ಟಬೇಡ," ಎಂದರು. ಪ್ಲಗ್ ಕಿತ್ತು, ವೈರು ಸುತ್ತಿ, ಟೇಪ್ ರೆಕಾರ್ಡರನ್ನು ಕಂಕುಳಿಗೆ ಸೇರಿಸಿಕೊಂಡರು. "ಇನ್ಮೇಲೆ ಈ ಮನೇಲಿ ಎಲ್ರೂ ಮುಂದಿನಿಂದ್ಲೇ ಮಾತಾಡೋದು."